ಶ್ರೀಮಂತ ದೇಶದ ನೆರವಿನಿಂದ ಬಡ ದೇಶಕ್ಕೆ ನಿಜವಾಗಿ ಲಾಭ ಆಗುತ್ತಾ?

ಈ ಪ್ರಶ್ನೆಗೆ ನಾನು ಸ್ವಲ್ಪ ಹಕ್ಕಿನಿಂದಲೇ ಉತ್ತರ ಹೇಳಬಹುದು. ಆ ನೆರವನ್ನು ತಿಂದು ಬೆಳೆದವನು ನಾನು.

ಎಪ್ಪತ್ತರ ದಶಕದಲ್ಲಿ ನಮ್ಮೂರ ಶಾಲೆಯಲ್ಲಿ ಮಧ್ಯಾಹ್ನ ಉಪ್ಪಿಟ್ಟು ಕೊಡುತ್ತಿದ್ದರು. ರವೆ, ಎಣ್ಣೆ ಎರಡೂ ಅಮೆರಿಕದ್ದು. ಎಣ್ಣೆ ಡಬ್ಬದ ಮೇಲೆ ಎರಡು ಕೈ ಕುಲುಕುವ ಚಿತ್ರ ಇರುತ್ತಿತ್ತು. ಖಾಲಿ ಡಬ್ಬಕ್ಕೆ ಊರಲ್ಲಿ ಭಾರೀ ಬೇಡಿಕೆ. ಉಪ್ಪಿಟ್ಟು ಚೆನ್ನಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ. ಎಷ್ಟೋ ಹುಡುಗರು ಶಾಲೆಗೆ ಬರುತ್ತಿದ್ದದ್ದೇ ಅದಕ್ಕೆ.

ಇದರ ಬೇರು ಪಿಎಲ್-480 ಅನ್ನೋ ಅಮೆರಿಕದ ಕಾನೂನು, 1954ರದ್ದು. ಅಲ್ಲಿ ಗೋಧಿ ಬೆಳೆದು ಗೋದಾಮು ತುಂಬಿ ತುಳುಕುತ್ತಿತ್ತು. ಡಾಲರ್ ಕೇಳದೆ ನಮ್ಮ ರೂಪಾಯಿಗೇ ಕೊಟ್ಟರು. ಅವರ ರೈತನೂ ಉಳಿದ, ನಮ್ಮ ಹೊಟ್ಟೆಯೂ ತುಂಬಿತು. ಪಾರ್ಥೇನಿಯಂ, ಅಂದರೆ ನಮ್ಮ ಕಾಂಗ್ರೆಸ್ ಗಿಡ, ಆ ಗೋಧಿ ಜೊತೆಗೇ ಬಂತು ಅಂತಲೂ ಹೇಳುತ್ತಾರೆ.

ಕಷ್ಟ ಗೊತ್ತಾಗಿದ್ದು 1965-66ರ ಬರಗಾಲದಲ್ಲಿ. 1966ರಲ್ಲಿ ಸುಮಾರು 1 ಕೋಟಿ ಟನ್ ಧಾನ್ಯ ಹೊರಗಿನಿಂದ ಬರಬೇಕಾಯಿತು, ಹೆಚ್ಚಿನದು ಅಮೆರಿಕದಿಂದ. ಆಗ ಅಧ್ಯಕ್ಷ ಜಾನ್ಸನ್ ವರ್ಷಕ್ಕೆ ಒಟ್ಟಿಗೆ ಒಪ್ಪಂದ ಮಾಡಿಕೊಳ್ಳದೆ, ಸ್ವಲ್ಪ ಸ್ವಲ್ಪವೇ ಬಿಡತೊಡಗಿದರು. ಭಾರತ ಕೃಷಿ ನೀತಿ ಬದಲಿಸಲಿ ಅನ್ನೋದು ಒಂದು ಒತ್ತಡ. ವಿಯೆಟ್ನಾಂ ಯುದ್ಧದ ಬಗ್ಗೆ ನಾವು ಆಡಿದ ಮಾತು ಅವರಿಗೆ ಹಿಡಿಸಲಿಲ್ಲ, ಅದೂ ಸೇರಿಕೊಂಡಿತು. ಮುಂದಿನ ಹಡಗು ಹೊರಟಿತೋ ಇಲ್ಲವೋ ಅಂತ ದೆಹಲಿಯಲ್ಲಿ ದಿನ ಎಣಿಸುತ್ತಿದ್ದರು. ಅದೇ ವರ್ಷ ಜೂನ್‌ನಲ್ಲಿ, ವಿಶ್ವಬ್ಯಾಂಕ್ ಮತ್ತು ಅಮೆರಿಕದ ಒತ್ತಾಯದ ನಡುವೆ, ರೂಪಾಯಿ ಬೆಲೆಯನ್ನೂ ಇಳಿಸಿದೆವು. ಡಾಲರಿಗೆ 4.76 ಇದ್ದದ್ದು 7.50 ಆಯಿತು.

ಆದರೆ ಅದೇ ವರ್ಷ ಕೃಷಿ ಮಂತ್ರಿ ಸಿ. ಸುಬ್ರಹ್ಮಣ್ಯಂ ಮೆಕ್ಸಿಕೊದಿಂದ ಹೆಚ್ಚು ಇಳುವರಿ ಕೊಡುವ ತಳಿಯ 18,000 ಟನ್ ಗೋಧಿ ಬೀಜ ತರಿಸಿದರು. ಆ ತಳಿ ಬೆಳೆಸಿದ ಅಮೆರಿಕದ ಕೃಷಿ ವಿಜ್ಞಾನಿ ಬೋರ್ಲಾಗ್ ಅವರ ಕೆಲಸದ ಹಿಂದೆಯೂ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ಹಣವೇ ಇತ್ತು ಅನ್ನಿ. 1964-65ರಲ್ಲಿ 1.2 ಕೋಟಿ ಟನ್ ಆಸುಪಾಸು ಇದ್ದ ನಮ್ಮ ಗೋಧಿ ಬೆಳೆ 1970-71ಕ್ಕೆ 2 ಕೋಟಿ ದಾಟಿತು. ನನಗೆ ಕೇಳಿದರೆ ಹಡಗುಗಟ್ಟಲೆ ಗೋಧಿಗಿಂತ ಈ ಬೀಜದ ಮೂಟೆಗಳದ್ದೇ ದೊಡ್ಡ ಉಪಕಾರ.

ಎಲ್ಲರಿಗೂ ಹೀಗೆ ಬೀಜ ಸಿಗಲ್ಲ ಅಲ್ವಾ? 2025ರಲ್ಲಿ ಅಮೆರಿಕ, ಬೇರೆ ದೇಶಗಳಿಗೆ ನೆರವು ಹಂಚುತ್ತಿದ್ದ ತನ್ನ ಯುಎಸ್‌ಏಡ್ ಸಂಸ್ಥೆಯನ್ನೇ ಮುಚ್ಚಿತು. ಅದರ ಹಣ ನಂಬಿಕೊಂಡಿದ್ದ ಆಫ್ರಿಕಾದ ಎಷ್ಟೋ ಎಚ್‌ಐವಿ ಕ್ಲಿನಿಕ್‌ಗಳಿಗೆ ಬೀಗ ಬಿತ್ತು. ಎಚ್‌ಐವಿ ಇದ್ದವರು ಮಾತ್ರೆ ದಿನವೂ ತಗೋಬೇಕು, ಬಿಟ್ಟರೆ ವೈರಸ್ ಮತ್ತೆ ಜಾಸ್ತಿ ಆಗುತ್ತದೆ.