ಅಪರಾಧಶಾಸ್ತ್ರ ಓದಲು ಹಾಬ್ಸ್, ಲಾಕ್, ರೂಸೊರಂಥ ರಾಜಕೀಯ ಚಿಂತಕರು ಯಾಕೆ ಬೇಕು? ನೇರವಾಗಿ ಇಟಲಿಯ ಅಪರಾಧಶಾಸ್ತ್ರಜ್ಞ ಲೊಂಬ್ರೋಸೊನಿಂದ ಆರಂಭಿಸಬಾರದೇ?

ನಿಮ್ಮ ಪ್ರಶ್ನೆ ಓದುತ್ತಿದ್ದಂತೆ ನನ್ನ ಎಂ.ಎ. ದಿನಗಳ ನೋಟ್‌ಪುಸ್ತಕ ನೆನಪಾಯಿತು. ಮೊದಲ ಪುಟದಲ್ಲೇ ಚಿಂತಕರ ಹೆಸರು, ಅವರ ಮುಖ್ಯ ಪುಸ್ತಕ ಬಂದ ವರ್ಷ: ಹಾಬ್ಸ್ 1651, ಲಾಕ್ 1689, ರೂಸೊ 1762, ಶಿಕ್ಷೆಯ ಸುಧಾರಣೆಗಾಗಿ ವಾದಿಸಿದ ಇಟಲಿಯ ಬೆಕ್ಕಾರಿಯಾ 1764. ಒಬ್ಬರಿಂದ ಇನ್ನೊಬ್ಬರಿಗೆ ಬಾಣದ ಗುರುತು. ಕೆಳಗೆ ಕೆಂಪು ಶಾಯಿಯಲ್ಲಿ: 'ಎಲ್ಲರೂ ಸಾಮಾಜಿಕ ಒಪ್ಪಂದವಾದಿಗಳು, ಆದ್ದರಿಂದ ಮರಣದಂಡನೆಯ ವಿರೋಧಿಗಳು.' ಗೈಡ್ ನೋಡಿ ಬರೆದುಕೊಂಡದ್ದು. (ಸಾಮಾಜಿಕ ಒಪ್ಪಂದ ಎಂದರೆ, ಜನರೇ ಪರಸ್ಪರ ಒಪ್ಪಿ, ತಮ್ಮ ಸ್ವಾತಂತ್ರ್ಯವನ್ನು ಒಂದಿಷ್ಟು ಬಿಟ್ಟುಕೊಟ್ಟು ಸರ್ಕಾರ ಕಟ್ಟಿಕೊಂಡರು ಎಂಬ ವಾದ.) ನನ್ನನ್ನು ಮುಳುಗಿಸಿದ್ದು ಆ 'ಆದ್ದರಿಂದ'.

ಪಿಎಚ್.ಡಿ. ಸಂದರ್ಶನದಲ್ಲಿ ಪರೀಕ್ಷಕಿಯೊಬ್ಬರು, ಬೆಕ್ಕಾರಿಯಾ ಮರಣದಂಡನೆ ಬೇಡ ಎಂದದ್ದು ಯಾಕೆ ಎಂದು ಕೇಳಿದರು. ಒಪ್ಪಂದಕ್ಕೆ ಪ್ರತಿಯೊಬ್ಬನೂ ತನ್ನ ಸ್ವಾತಂತ್ರ್ಯದ ಅತಿ ಚಿಕ್ಕ ಪಾಲನ್ನಷ್ಟೇ ಕೊಟ್ಟಿದ್ದಾನೆ, ತನ್ನನ್ನು ಕೊಲ್ಲುವ ಹಕ್ಕನ್ನು ಯಾರೂ ಕೊಟ್ಟಿರಲಾರರು ಎಂದೆ. ಸರಿಯಾದ ಉತ್ತರವೇ. ಅಲ್ಲಿಗೆ ಸುಮ್ಮನಾಗಬೇಕಿತ್ತು. "ಇದು ರೂಸೊನ ವಾದವೂ ಹೌದು ಮೇಡಂ" ಎಂದು ಸೇರಿಸಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಯಾವ ಅಧ್ಯಾಯದಲ್ಲಿ ಹೇಳಿದ್ದಾನಪ್ಪ?"

ಎಲ್ಲಿಯೂ ಹೇಳಿಲ್ಲ. 'ಸಾಮಾಜಿಕ ಒಪ್ಪಂದ' ಪುಸ್ತಕದ ಎರಡನೆಯ ಭಾಗದ ಐದನೆಯ ಅಧ್ಯಾಯದಲ್ಲಿ ರೂಸೊ ಹೇಳುವುದು ಇದರ ತದ್ವಿರುದ್ಧ: ಕೊಲೆಗಾರನ ಕೈಯಲ್ಲಿ ಸಾಯಬಾರದೆಂದೇ, ನಾನು ಕೊಲೆಗಾರನಾದರೆ ಸಾಯಲು ಒಪ್ಪಿದ್ದೇನೆ. ಅಪರಾಧಿ ಒಪ್ಪಂದ ಮುರಿದು ಶತ್ರುವಾಗುತ್ತಾನೆ. ಲಾಕ್‌ ಅಂತೂ ರಾಜಕೀಯ ಅಧಿಕಾರದ ವ್ಯಾಖ್ಯೆಯೊಳಗೇ ಮರಣದಂಡನೆಯನ್ನು ಸೇರಿಸಿದ್ದಾನೆ. ಹಾಬ್ಸ್‌ ಇನ್ನೂ ವಿಚಿತ್ರ: ದೊರೆ ನ್ಯಾಯವಾಗಿಯೇ ಕೊಲ್ಲಿಸಬಹುದು, ಆದರೆ ಸಾಯಬೇಕಾದವನು ಕೊಸರಾಡಿದರೆ ಅದೂ ತಪ್ಪಲ್ಲ, ಏಕೆಂದರೆ ಜೀವ ಉಳಿಸಿಕೊಳ್ಳುವ ಹಕ್ಕನ್ನು ಯಾರೂ ಬಿಟ್ಟುಕೊಡಲಾರರು. ನಾನು ಹಣ ಕಟ್ಟುವ ನಾಲ್ಕು ಬೇರೆ ಬೇರೆ ಚೀಟಿಗಳನ್ನು ಒಂದೇ ಚೀಟಿಯೆಂದು ತಿಳಿದು ಲೆಕ್ಕ ಬರೆದಿದ್ದೆ. ಯಾರು ಎಷ್ಟು ಕಟ್ಟಿದರು, ಏನನ್ನು ಕೈಯಲ್ಲೇ ಉಳಿಸಿಕೊಂಡರು ಎಂಬುದರ ಮೇಲೆಯೇ ಇವರ ಜಗಳವೆಲ್ಲ ನಿಂತಿದೆ. ಸೀಟು ಬೇರೊಬ್ಬರ ಪಾಲಾಯಿತು.

ಆದ್ದರಿಂದ (ನೋಡಿ, ಈ ಪದ ನನ್ನನ್ನು ಬಿಡುವುದಿಲ್ಲ) ಲೊಂಬ್ರೋಸೊನಿಂದ ಆರಂಭಿಸುವ ಯೋಚನೆಯನ್ನೇ ಬಿಡಿ. ಅವನ ಪುಸ್ತಕ ಬಂದದ್ದು 1876ರಲ್ಲಿ. ಬೆಕ್ಕಾರಿಯಾ ಕೃತ್ಯವನ್ನು ನೋಡಿದರೆ ಲೊಂಬ್ರೋಸೊ ಕೃತ್ಯ ಎಸಗಿದವನ ತಲೆಬುರುಡೆಯನ್ನು ನೋಡಿದ. ಯಾವುದನ್ನು ಒದ್ದು ಹೊರಬಂದ ಎಂದು ತಿಳಿಯದೆ ಅವನನ್ನು ಓದಿದರೆ ಈ ಶಾಸ್ತ್ರ ಹುಟ್ಟಿದ್ದೇ ಬುರುಡೆ ಅಳೆಯಲಿಕ್ಕೆ ಅನ್ನಿಸುತ್ತದೆ. ಅದಕ್ಕೂ ಮೊದಲಿನ ಪ್ರಶ್ನೆ, ಶಿಕ್ಷಿಸುವ ಅಧಿಕಾರ ಸರ್ಕಾರಕ್ಕೆ ಎಲ್ಲಿಂದ ಬಂತು ಎಂಬುದು. ಅದನ್ನು ನೀವು ಪೀಠಿಕೆ ಎಂದುಕೊಂಡಿದ್ದೀರಿ. ನನ್ನ ಪ್ರಕಾರ ವಿಷಯವೇ ಅದು.

ಗೈಡನ್ನು ರದ್ದಿಗೆ ಹಾಕಿ. ಬೆಕ್ಕಾರಿಯಾನ 'ಅಪರಾಧಗಳು ಮತ್ತು ಶಿಕ್ಷೆಗಳು' ತೆಳ್ಳಗಿನ ಪುಸ್ತಕ, ಎರಡು ಸಂಜೆ ಸಾಕು. ಜೊತೆಗೆ ರೂಸೊನ ಆ ಒಂದು ಅಧ್ಯಾಯ. ಮರಣದಂಡನೆಗೆ ಬೆಕ್ಕಾರಿಯಾ ಇಟ್ಟಿರುವ ಅಪವಾದವನ್ನೂ ಬಿಡಬೇಡಿ: ಸೆರೆಯಲ್ಲಿದ್ದುಕೊಂಡೇ ರಾಷ್ಟ್ರದ ಭದ್ರತೆಗೆ ಕುತ್ತು ತರಬಲ್ಲವನ ಸಾವು ಅನಿವಾರ್ಯವಾಗಬಹುದು ಎನ್ನುತ್ತಾನೆ. ಮೇಡಂ ಕೊನೆಯಲ್ಲಿ ಅದನ್ನೂ ಕೇಳಿದ್ದರು. ಅಷ್ಟರಲ್ಲಿ ನಾನು ನನ್ನ ಅಂಕಪಟ್ಟಿಗಳನ್ನು ಕಡತದೊಳಗೆ ತುರುಕುತ್ತಿದ್ದೆ.