ಆ ಕಾರ್ಡಿನಲ್ಲಿ ಸೂರ್ಯನೂ ಇದ್ದಾನೆ

ಪ್ರಶ್ನೆ: ಬಳ್ಳಾರಿಯಲ್ಲಿ ಮನೆಯಲ್ಲೇ ಜೀನ್ಸ್ ಹೊಲಿಯುತ್ತೇನೆ. ಪೀಸಿನ ಲೆಕ್ಕದಲ್ಲಿ ಕೂಲಿ. ನನ್ನದೇ ಎರಡು ಮಷೀನ್ ಹಾಕಲೇ ಎಂದು ಫೋನಿನಲ್ಲಿ ಒಬ್ಬರ ಹತ್ತಿರ ಟ್ಯಾರೋ, ಅಂದರೆ ಚಿತ್ರದ ಕಾರ್ಡ್ ತೆಗೆದು ಹೇಳುವ ಭವಿಷ್ಯ, ಕೇಳಿದೆ. ‘ಡೆತ್’ ಕಾರ್ಡ್ ಬಂತು. ಗಂಡನಿಗೆ ಗಂಡಾಂತರ, ಪರಿಹಾರಕ್ಕೆ 5,000 ರೂಪಾಯಿ ಕೊಡಿ ಎಂದರು. ನನ್ನ ಗಂಡ ರಾತ್ರಿ ಸಂಡೂರಿನಿಂದ ಅದಿರು ಲಾರಿ ಓಡಿಸುತ್ತಾರೆ. ನನಗೆ ನಿದ್ದೆಯೇ ಇಲ್ಲ. ಗಂಟೆಗೊಮ್ಮೆ ಅವರಿಗೆ ಫೋನ್ ಮಾಡುತ್ತೇನೆ. ದುಡ್ಡು ಕೊಡಲೇ?

ಉತ್ತರ: ಬೇಡ ತಂಗಿ. ಒಂದು ರೂಪಾಯಿಯೂ ಕೊಡಬೇಡಿ.

ಟ್ಯಾರೋದಲ್ಲಿ 78 ಕಾರ್ಡುಗಳಿವೆ. ನಿಮಗೆ ಬಂದಿದ್ದು 13ನೇದು. ಈಗ ಹೆಚ್ಚಾಗಿ ಕಾಣುವ ಚಿತ್ರ 1909ರಲ್ಲಿ ಲಂಡನ್ನಿನಲ್ಲಿ ಬಂದ ಕಟ್ಟಿನದು. ಬರೆದವರು ಪಮೇಲಾ ಕೋಲ್ಮನ್ ಸ್ಮಿತ್ ಎಂಬ ಹೆಣ್ಣುಮಗಳು. ಬಿಳಿ ಕುದುರೆ ಮೇಲೆ ಅಸ್ಥಿಪಂಜರ, ಕೆಳಗೆ ಬಿದ್ದಿರುವ ರಾಜ. ಅಷ್ಟು ಕಂಡಾಗಲೇ ನಿಮ್ಮ ಕೈ ನಡುಗಿರಬೇಕು. ಇನ್ನೊಮ್ಮೆ ನೋಡಿ. ಕಪ್ಪು ಬಾವುಟದ ಮೇಲೆ ಬಿಳಿ ಗುಲಾಬಿ ಇದೆ. ದೂರದಲ್ಲಿ ಎರಡು ಗೋಪುರಗಳ ನಡುವೆ ಸೂರ್ಯ ಇದ್ದಾನೆ. ಟ್ಯಾರೋ ಬಲ್ಲವರು ಸಾಮಾನ್ಯವಾಗಿ ಇದನ್ನು ಮನುಷ್ಯರ ಸಾವು ಎನ್ನುವುದಿಲ್ಲ. ಒಂದು ಮುಗಿದು ಇನ್ನೊಂದು ಶುರುವಾಗುತ್ತದೆ ಎನ್ನುತ್ತಾರೆ. ನೀವು ಕೇಳಿದ್ದು ಮಷೀನಿನ ವಿಷಯ ಅಲ್ವಾ? ಅವರ ಲೆಕ್ಕದಲ್ಲೇ ನೋಡಿದರೂ ಮುಗಿಯುವುದು ನಿಮ್ಮ ಪೀಸಿನ ಕೂಲಿ. ನಡುವೆ ನಿಮ್ಮ ಯಜಮಾನರನ್ನು ಎಳೆದು ತಂದಿದ್ದು ಕಾರ್ಡಲ್ಲ, ದುಡ್ಡು ಕೇಳಿದವರು. ಆ ನಂಬರ್ ಬ್ಲಾಕ್ ಮಾಡಿ.

ಹಾಗಂತ ಕಾರ್ಡ್ ನಂಬಿ ಮಷೀನ್ ಕೊಳ್ಳಿ ಎಂದೂ ಹೇಳಲಾರೆ. 15ನೇ ಶತಮಾನದ ಇಟಲಿಯಲ್ಲಿ ಇವು ನಮ್ಮ ಇಸ್ಪೀಟಿನ ಹಾಗೆ ಆಟದ ಎಲೆಗಳು. ಭವಿಷ್ಯ ಹೇಳುವುದು ಹಬ್ಬಿದ್ದು ಸುಮಾರು 300 ವರ್ಷ ಆದಮೇಲೆ, ಫ್ರಾನ್ಸಿನಲ್ಲಿ. ಕಲಸಿ ತೆಗೆದ ಎಲೆಗೆ ಸಂಡೂರಿನ ರಸ್ತೆ ಏನು ಗೊತ್ತು? ಸಾಲ ಮಾಡುವ ಮುಂಚೆ ಇಬ್ಬರು ಮಾಲೀಕರ ಹತ್ತಿರವಾದರೂ ಕೆಲಸ ಖಚಿತ ಮಾಡಿಕೊಳ್ಳಿ.

ನಿಮ್ಮ ಭಯ ಮಾತ್ರ ಸುಮ್ನೆ ಹುಟ್ಟಿದ್ದಲ್ಲ. ಕತ್ತಲು, ಧೂಳು, ನಿದ್ದೆಗೆಟ್ಟ ಕಣ್ಣು. ಲಾರಿ ಓಡಿಸುವವರ ಮನೆಯಲ್ಲಿ ಈ ಭಯ ಇದ್ದೇ ಇರುತ್ತದೆ. ಆದರೆ ಪತ್ರ ಓದುವಾಗ ನನ್ನ ಎದೆ ಝಲ್ಲೆಂದಿದ್ದು ಗಂಟೆಗೊಮ್ಮೆ ಮಾಡುವ ಆ ಫೋನಿಗೆ. ಸ್ಟೇರಿಂಗ್ ಹಿಡಿದವರ ಕೈ ಪ್ರತಿ ಸಲ ಫೋನಿಗೆ ಹೋಗುತ್ತದೆ. ಇವತ್ತಿನಿಂದಲೇ ನಿಲ್ಲಿಸಿ. ಲೋಡ್ ಆದಾಗ ಒಮ್ಮೆ, ಖಾಲಿ ಮಾಡಿದಾಗ ಒಮ್ಮೆ ಅವರೇ ಮಾಡಲಿ.

ಇನ್ನೊಂದು ಮಾತು. ಅವರು ಹಗಲು ಮಲಗಿದಾಗ ಪಕ್ಕದಲ್ಲೇ ನಿಮ್ಮ ಮಷೀನ್ ಓಡುತ್ತಿರುತ್ತದೆ ಅಲ್ವಾ? ಆ 5,000 ರೂಪಾಯಿಯನ್ನು ಓಣಿಯಲ್ಲೇ ಒಂದು ಸಣ್ಣ ರೂಮಿನ ಅಡ್ವಾನ್ಸಿಗೆ ಎತ್ತಿಡಿ. ಮಷೀನ್ ಅಲ್ಲಿಗೆ ಹೋದರೆ, ಮನೆಯಲ್ಲಿ ಅವರಿಗೆ ಜಾಸ್ತಿ ನಿದ್ದೆ ಸಿಗುತ್ತದೆ.