ಪದ್ಮಿನಿ ನಿಂತ ಆ ಹತ್ತು ನಿಮಿಷ ಎಲ್ಲಿ ಹೋಯಿತು?

ನಮಸ್ಕಾರ.

ಹಳೇ ಪದ್ಮಿನಿ ಕಾರನ್ನು ಮತ್ತೆ ಓಡಿಸಿದ ಬಗ್ಗೆ ನೀವು ಕಳಿಸಿದ ಲೇಖನ ಎರಡು ಸಲ ಓದಿದೆ. ಈಗಿರುವ ಹಾಗೆ ಅದನ್ನು ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ಏಳನೇ ಪುಟದಲ್ಲಿ ಒಂದು ವಾಕ್ಯ ಇದೆ. ಅದಕ್ಕೋಸ್ಕರ ಇಷ್ಟುದ್ದ ಬರೆಯುತ್ತಿದ್ದೇನೆ.

ನಿಮ್ಮ ಕಥೆ ಇಷ್ಟು. ಅಜ್ಜ ಹೋದ ಮೇಲೆ 2009ರಿಂದ ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ ನಿಂತಿದ್ದ ಪ್ರೀಮಿಯರ್ ಪದ್ಮಿನಿಯನ್ನು ನೀವೂ ನಿಮ್ಮೂರಿನ ಮೆಕ್ಯಾನಿಕ್ ಮಾಮನೂ ಸೇರಿ ಹೋದ ವರ್ಷ ಮತ್ತೆ ಓಡಿಸಿದಿರಿ. ಒಳ್ಳೆಯ ವಿಷಯ. ಆದರೆ ಹನ್ನೆರಡು ಪುಟದಲ್ಲಿ ಮೊದಲ ಮೂರು ಪುಟ ಇಟಲಿಯ ಫಿಯಟ್ 1100, ಮುಂಬೈನ ಕುರ್ಲಾ ಕಾರ್ಖಾನೆ, 1089 ಸಿಸಿ ಎಂಜಿನ್, ಚಿತ್ತೋರಿನ ರಾಣಿಯ ಹೆಸರು. ಯಾವುದೂ ತಪ್ಪಲ್ಲ. ಎರಡು ಸಾಲು ಸಾಕಿತ್ತು, ಅಷ್ಟೇ. ಓದುವವರಿಗೆ ಬೇಕಾಗಿರುವುದು ನಿಮ್ಮ ಶೆಡ್ಡು.

ಇನ್ನೊಂದು ಮಾತು. ಎರಡನೇ ಪುಟದಲ್ಲಿ ಪೆಟ್ರೋಲ್ ಪಂಪು ಕಾರಿನ ಹೃದಯ ಅಂದಿದ್ದೀರಿ. ಐದನೇ ಪುಟಕ್ಕೆ ಬರುವಷ್ಟರಲ್ಲಿ ಕಾರ್ಬ್ಯುರೇಟರ್ ಹೃದಯವಾಗಿದೆ. ಕಾರಿಗೆ ಎಷ್ಟು ಹೃದಯ ಸ್ವಾಮಿ? ಎರಡನ್ನೂ ತೆಗೆಯಿರಿ. ಪಂಪು ಟ್ಯಾಂಕಿನಿಂದ ಪೆಟ್ರೋಲ್ ಎಳೆದು ಕೊಡುತ್ತದೆ, ಕಾರ್ಬ್ಯುರೇಟರ್ ಅದನ್ನು ಗಾಳಿಗೆ ಬೆರೆಸುತ್ತದೆ. ಹಾಗಂತಲೇ ಬರೆಯಿರಿ.

ಈಗ ಒಂದು ನಿಜವಾದ ತಪ್ಪು. 'ಎಥನಾಲ್ ಬೆರೆಸಿದ ಪೆಟ್ರೋಲ್ ಹದಿನೈದು ವರ್ಷ ಟ್ಯಾಂಕಿನಲ್ಲೇ ಕೂತು ಎಲ್ಲವನ್ನೂ ತಿಂದುಹಾಕಿತ್ತು' ಎಂದಿದ್ದೀರಿ. ಶೇ. 20 ಎಥನಾಲ್ ಇರುವ ಪೆಟ್ರೋಲ್ ಬಿಡುಗಡೆ ಆಗಿದ್ದೇ 2023ರ ಫೆಬ್ರವರಿಯಲ್ಲಿ, ಅದೂ ನಮ್ಮ ಬೆಂಗಳೂರಿನಲ್ಲಿ. 2009ರಲ್ಲಿ ಬೆರಕೆ ಇದ್ದರೂ ಹೆಚ್ಚೆಂದರೆ ಶೇ. 5. ನಿಮ್ಮ ಟ್ಯಾಂಕನ್ನು ಹಾಳು ಮಾಡಿದ್ದು ಬಹುಪಾಲು ಮಲೆನಾಡಿನ ಮಳೆಗಾಲ. ಅರ್ಧ ಖಾಲಿ ಟ್ಯಾಂಕು, ಒಳಗೆ ತೇವದ ಗಾಳಿ, ರಾತ್ರಿ ತಣ್ಣಗಾದಾಗ ಗೋಡೆಗೆ ಕೂರುವ ನೀರು, ಆಮೇಲೆ ತುಕ್ಕು. ಪೆಟ್ರೋಲಿನಲ್ಲಿದ್ದ ಹಗುರ ಅಂಶ ಆರಿಹೋಗಿ ಉಳಿದದ್ದು ಅಂಟಾಗುತ್ತದೆ. ಟ್ಯಾಂಕಿನ ಮುಚ್ಚಳ ತೆಗೆದಾಗ ಹಳೇ ವಾರ್ನಿಷ್ ಡಬ್ಬಿಯ ವಾಸನೆ ಬಂತು ಅಂತ ನೀವೇ ಬರೆದಿದ್ದೀರಲ್ಲ, ಅದು ಇದೇ. ಎಥನಾಲ್ ಕಥೆ ಶುರುವಾಗುವುದು ನೀವು ಹೊಸ ಪೆಟ್ರೋಲ್ ಹಾಕಿದ ದಿನದಿಂದ. ಅದು ಹಳೇ ರಬ್ಬರಿಗೆ ಆಗಿಬರುವುದಿಲ್ಲ, ಒಳಗೆ ಅಂಟಿಕೊಂಡಿದ್ದ ಕಸವನ್ನೂ ಸಡಿಲ ಮಾಡುತ್ತದೆ. ಈ ವ್ಯತ್ಯಾಸ ಗೊತ್ತಾದರೆ ನಿಮ್ಮ ಕಥೆಯ ಮುಂದಿನ ಭಾಗ ತಾನಾಗಿಯೇ ಅರ್ಥವಾಗುತ್ತದೆ.

ಇನ್ನು ಏಳನೇ ಪುಟದ ಆ ವಾಕ್ಯ: 'ಮಾಮ ಆಯಿಲ್ ಕಡ್ಡಿ ಎಳೆದು ಮೂಸಿ ನೋಡಿ, ಇವತ್ತು ಸೆಲ್ಫ್ ಹೊಡೀಬೇಡ ಅಂದರು.'

ಆಯಿಲ್ ಕಡ್ಡಿ ಅಂದರೆ ಎಂಜಿನ್ ಆಯಿಲಿನ ಮಟ್ಟ ನೋಡುವ ಕಡ್ಡಿ. ಇಡೀ ಲೇಖನದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇದೊಂದೇ. ಆದರೆ ಯಾಕೆ ಮೂಸಿದರು ಅಂತ ನೀವು ಹೇಳಲೇ ಇಲ್ಲ. ಮುಂದಿನ ಸಾಲಿಗೇ ಕಾಫಿ ಬಂತು! ಪಂಪಿನೊಳಗೆ ಒಂದು ಡಯಾಫ್ರಮ್ ಇದೆ, ಅಂದರೆ ತೆಳುವಾದ ಪೊರೆ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಅದು ಒಣಗಿ ಬಿರಿಯುತ್ತದೆ. ಬಿರಿದರೆ ಪೆಟ್ರೋಲ್ ಹೊರಗೆ ತೊಟ್ಟಿಕ್ಕಬಹುದು, ಇಲ್ಲವೇ ಸದ್ದಿಲ್ಲದೆ ಎಂಜಿನ್ ಒಳಗಿಳಿದು ಆಯಿಲ್ ಜೊತೆ ಸೇರಬಹುದು. ಆಯಿಲ್ ತೆಳ್ಳಗಾಗುತ್ತದೆ, ಬೇರಿಂಗಿಗೆ ಪೆಟ್ಟು. ಆಯಿಲ್ ಮಟ್ಟ ಇಳಿಯುವ ಬದಲು ಏರಿರುತ್ತದೆ! ಹಿಂದಿನ ದಿನ ನೀವು ಅರ್ಧ ಗಂಟೆ ಕಾಲ ಬಿಟ್ಟು ಬಿಟ್ಟು ಸೆಲ್ಫ್ ಹೊಡೆದಿದ್ದೀರಿ, ಹೊಡೆದಾಗಲೆಲ್ಲ ಪಂಪೂ ಪೆಟ್ರೋಲ್ ಎಳೆದಿರುತ್ತದೆ. ಅದಕ್ಕೇ ಅವರು ಮೂಸಿದ್ದು. ಇದನ್ನು ಬಿಡಿಸಿ ಬರೆದಿದ್ದರೆ ಮಾಮ ಎಂಥ ಕೆಲಸಗಾರರು ಅಂತ ಬೇರೆ ಹೇಳಬೇಕಾಗಿಯೇ ಇರಲಿಲ್ಲ. ಈಗಂತೂ 'ಅನುಭವದ ಗಣಿ' ಅಂತ ಮೂರು ಕಡೆ ಹೊಗಳಿದ್ದೀರಿ.

ಒಂಬತ್ತನೇ ಪುಟದಲ್ಲಿ ನನಗೆ ಸ್ವಲ್ಪ ಸಿಟ್ಟೇ ಬಂತು. ಕಾರ್ಬ್ಯುರೇಟರ್ ತೊಳೆದಾಯಿತು, ಹೊಸ ಡಯಾಫ್ರಮ್ ಹಾಕಿದ್ದಾಯಿತು, ಕಾರು ಓಡಿತು. ಮೂರು ಕಿಲೋಮೀಟರ್ ಹೋಗಿ, ಏರಿನಲ್ಲಿ ಜಗ್ಗಿ ಜಗ್ಗಿ ನಿಂತಿತು. ಹತ್ತು ನಿಮಿಷ ಬಿಟ್ಟು ಸೆಲ್ಫ್ ಹೊಡೆದರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್! ಮತ್ತೆ ಮೂರು ಕಿಲೋಮೀಟರ್, ಮತ್ತೆ ಅದೇ. ಇಷ್ಟು ಬರೆದು, ಮುಂದಿನ ಪ್ಯಾರಾದಲ್ಲಿ 'ಕೊನೆಗೆ ಟ್ಯಾಂಕ್ ಇಳಿಸಿ ತೊಳೆಸಿದೆವು, ಛಲ ಗೆದ್ದಿತು.' ಅಲ್ಲ, ಟ್ಯಾಂಕೇ ಅಂತ ಹೇಗೆ ಗೊತ್ತಾಯಿತು? ಅದೇ ಅಲ್ವಾ ಲೇಖನ?

ಹತ್ತು ನಿಮಿಷ ಬಿಟ್ಟರೆ ಸರಿಹೋಗುವ ರೋಗಕ್ಕೆ ಕಾರಣ ನಾಲ್ಕಾದರೂ ಇವೆ. ಪ್ಲಗ್ಗಿನ ಕಿಡಿಗೆ ಕರೆಂಟ್ ಕೊಡುವ ಕಾಯಿಲ್ ಕಾದು ಕರೆಂಟ್ ನಿಂತಿರಬಹುದು, ತಣ್ಣಗಾದರೆ ಮತ್ತೆ ಬರುತ್ತದೆ. ಬಿಸಿಗೆ ಪಂಪಿನಲ್ಲೋ ಪೈಪಿನಲ್ಲೋ ಪೆಟ್ರೋಲ್ ಆವಿಯಾಗಿರಬಹುದು. ಟ್ಯಾಂಕಿಗೆ ಗಾಳಿ ಬರುವ ತೂತು ಕಟ್ಟಿಕೊಂಡು, ಎಳೆದಷ್ಟೂ ಒಳಗೆ ನಿರ್ವಾತವಾಗಿ ಪಂಪು ಸೋತಿರಬಹುದು. ಇಲ್ಲವೇ ತುಕ್ಕಿನ ಪುಡಿ ಬಂದು ಟ್ಯಾಂಕಿನೊಳಗಿನ ಜಾಲರಿಗೆ ಮೆತ್ತಿಕೊಂಡಿರಬಹುದು. ಎಂಜಿನ್ ನಿಂತರೆ ಎಳೆತ ನಿಲ್ಲುತ್ತದೆ, ಪುಡಿ ಕೆಳಗುದುರುತ್ತದೆ, ದಾರಿ ಬಿಡುತ್ತದೆ. ನಾಲ್ಕರದ್ದೂ ಹೊರಗಿನ ಲಕ್ಷಣ ಒಂದೇ. ಬೇರೆ ಬೇರೆ ಮಾಡಿ ತೋರಿಸುವುದೇ ಕಸುಬು.

ಮಾಮ ಆವತ್ತು ಏನು ಮಾಡಿದರು ಅಂತ ನಿಮ್ಮ ಒಂದೊಂದು ಬಿಡಿ ಪದದಿಂದ ನಾನು ಊಹಿಸಿದ್ದು ಇದು. ಮೊದಲು ಪ್ಲಗ್ಗಿನಲ್ಲಿ ಕಿಡಿ ಬರುತ್ತಿದೆಯಾ ನೋಡಿದರು. ಬರುತ್ತಿತ್ತು. ಇದೇ ಮೊದಲು ಏಕೆಂದರೆ ಪೆಟ್ರೋಲ್ ಪೈಪ್ ಬಿಚ್ಚಿಟ್ಟುಕೊಂಡು ಕಿಡಿ ನೋಡುವಂತಿಲ್ಲ. ಆಮೇಲೆ ಟ್ಯಾಂಕಿನ ಮುಚ್ಚಳ ತೆಗೆದು ಕಿವಿ ಕೊಟ್ಟರು. ಸುಂಯ್ ಅಂತ ಗಾಳಿ ಒಳಗೆಳೆದಿದ್ದರೆ ಅಲ್ಲಿಗೆ ಕೇಸು ಮುಗಿಯುತ್ತಿತ್ತು. ಎಳೆಯಲಿಲ್ಲ. ಪೆಟ್ರೋಲ್ ಆವಿಯಾಗಿದ್ದರೆ ತಣ್ಣಗಾಗಲಿ ಅಂತ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿದರು. (ನೀವು 'ಬೆವರು ಒರೆಸುವ ಬಟ್ಟೆ' ಎಂದುಕೊಂಡಿದ್ದೀರಿ!) ಅದಕ್ಕೂ ಜಗ್ಗಲಿಲ್ಲ. ಕೊನೆಗೆ ಪಂಪಿಗೆ ಬರುವ ಪೈಪ್ ಬಿಚ್ಚಿ, ಸೈಕಲ್ ಪಂಪಿನಿಂದ ಹಿಂದಕ್ಕೆ ಟ್ಯಾಂಕಿನತ್ತ ಗಾಳಿ ಊದಿದರು. ಮೊದಲು ಬಿಗಿ, ಆಮೇಲೆ ಗುಳುಗುಳು. ಸಿಕ್ಕಿತು! ಮನೆಗೆ ಬಂದು ಟ್ಯಾಂಕ್ ಇಳಿಸಿದಿರಿ. ಜಾಲರಿಯ ಮೇಲೆ ಇದ್ದದ್ದು 'ಕಾಫಿಪುಡಿ ಚರಟದ ಥರ' ಅಂತ ನಿಮ್ಮದೇ ಮಾತು. ಅದನ್ನು ಅಡಗಿಸಿಡಬೇಡಿ, ಮುಂದೆ ತನ್ನಿ. ನನ್ನ ಊಹೆ ತಪ್ಪಿದ್ದರೆ ತಿದ್ದಿ, ಆದರೆ ಮಾಮನನ್ನು ಕೇಳಿಯೇ ಬರೆಯಿರಿ.

ನನಗೆ ಇದು ಹೇಗೆ ಗೊತ್ತು ಅಂದರೆ, ನಾನೂ ಒಮ್ಮೆ ಹೀಗೇ ಮಂಗ ಆಗಿದ್ದೇನೆ. ಮನೆಯ ಹಳೇ ಅಂಬಾಸಿಡರ್ ಇದೇ ಥರ ನಿಲ್ಲುತ್ತಿತ್ತು. ಕಾಯಿಲ್ ಬದಲಿಸಿದೆ, ಪ್ಲಗ್ ಬದಲಿಸಿದೆ, ಪಂಪ್ ಬದಲಿಸಿದೆ. ಕಡೆಗೆ ನೋಡಿದರೆ ಕಳೆದುಹೋದ ಮುಚ್ಚಳದ ಬದಲು ನಾನೇ ತಂದು ಹಾಕಿದ್ದ ಹೊಸ ಮುಚ್ಚಳಕ್ಕೆ ಗಾಳಿಯ ತೂತೇ ಇರಲಿಲ್ಲ.

ಐಡ್ಲಿಂಗ್, ಅಂದರೆ ರೇಸ್ ಕೊಡದೆ ಎಂಜಿನ್ ನಿಧಾನವಾಗಿ ಓಡುತ್ತಿರುವುದು, ಆ ವಿಷಯವೂ ಹೀಗೇ ಜಾರಿದೆ. 'ರೇಸ್ ಕೊಟ್ಟರೆ ಓಡುತ್ತದೆ, ಕಾಲು ತೆಗೆದರೆ ಆಫ್' ಅಂತ ಬರೆದಿದ್ದೀರಿ. ಉತ್ತರ ಅಲ್ಲೇ ಇದೆ. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ತೂತಿನ ತುಣುಕೇ ಜೆಟ್. ದೊಡ್ಡ ಜೆಟ್ ಚೆನ್ನಾಗಿದೆ, ಐಡ್ಲಿಂಗ್ ಜೆಟ್ ಕಟ್ಟಿದೆ. ಅರ್ಧ ಮಿಲಿಮೀಟರ್ ಆಸುಪಾಸಿನ ತೂತು ಅದು. ಹಿತ್ತಾಳೆಯ ಜೆಟ್ಟಿಗೆ ಪಿನ್ನು ಚುಚ್ಚಿದೆ ಎಂದು ಹೆಮ್ಮೆಯಿಂದ ಬರೆದಿರುವುದನ್ನು ದಯವಿಟ್ಟು ತೆಗೆಯಿರಿ. ತೂತು ಒಂಚೂರು ಅಗಲವಾದರೂ ಪೆಟ್ರೋಲಿನ ಅಳತೆ ತಪ್ಪುತ್ತದೆ. ಗಾಳಿ ಊದಿದರೆ ಸಾಕು. ಟ್ಯಾಂಕಿಗೆ ಪೈಪ್ ಹಾಕಿ ಬಾಯಿಂದ ಪೆಟ್ರೋಲ್ ಎಳೆದದ್ದೂ ಬೇಡ. ಯಾರಾದರೂ ಓದಿ ಹಾಗೇ ಮಾಡಿದರೆ ಶ್ವಾಸಕೋಶಕ್ಕೆ ಕುತ್ತು.

ಭಾಷೆ ಬಗ್ಗೆ ಜಾಸ್ತಿ ಹೇಳಲ್ಲ. 'ಇಂಧನ ಪೂರೈಕೆ ವ್ಯವಸ್ಥೆಯ ದೋಷನಿರ್ಣಯ' ಅಂತ ಮಾಮ ಯಾವತ್ತಾದರೂ ಅಂದಿದ್ದಾರಾ? ಅವರು ಅಂದದ್ದು 'ಲೈನಲ್ಲಿ ಏರ್ ಹಿಡಿದಿದೆ', 'ಮಿಸ್ಸಿಂಗ್ ಹೊಡೀತಿದೆ'. ಅದನ್ನೇ ಉಳಿಸಿ. ಪೆಟ್ರೋಲ್ ಪಂಪಿಗೆ 'ಎಸಿ ಪಂಪ್' ಅನ್ನುವ ಕಡೆ ಮಾತ್ರ ಒಂದು ಮಾತು ಸೇರಿಸಿ. ಇಲ್ಲದಿದ್ದರೆ ಪದ್ಮಿನಿಯಲ್ಲಿ ತಂಪು ಮಾಡುವ ಎಸಿ ಇತ್ತೇನೋ ಅಂದುಕೊಳ್ಳುತ್ತಾರೆ. ಆಲ್ಬರ್ಟ್ ಚಾಂಪಿಯನ್ ಎಂಬಾತನ ಹೆಸರಿನ ಮೊದಲಕ್ಷರಗಳು ಅವು.

ಏರಿನಲ್ಲಿ ಕಾರು ನಿಂತಲ್ಲಿಂದ ಶುರು ಮಾಡಿ, ಐದು ಪುಟದೊಳಗೆ ಮುಗಿಸಿ, ಆ ಜಾಲರಿಯ ಫೋಟೋ ಜೊತೆ ಕಳಿಸಿ. ಖಂಡಿತ ಓದುತ್ತೇನೆ.

ಅಂದ ಹಾಗೆ, ಪೆಟ್ರೋಲ್ ಸೇರಿದ ಆ ಆಯಿಲ್ ಬದಲಿಸಿದಿರಿ ತಾನೇ? ಲೇಖನದಲ್ಲಿ ಎಲ್ಲೂ ಇಲ್ಲ. ಬದಲಿಸಿಲ್ಲ ಅಂದರೆ ಬರೆಯುವುದು ಆಮೇಲಿರಲಿ, ಮೊದಲು ಆ ಕೆಲಸ ಮಾಡಿ.